ಪೆಟ್ಟಿಗೆಯೊಳಗಿನ ಹವಾಮಾನ

ಆಗಸ್ಟ್ 3, ಶನಿವಾರ

ಹೋದ.

ದೋಣಿಕಟ್ಟೆಯಲ್ಲಿ ಕೈ ಬೀಸಿದ್ದು ಸಾಲದೆಂದು ಛತ್ರಿ ಬಿಚ್ಚಿ ಬೀಸಿದೆ. ಗಾಳಿಗೆ ಅದು ಮೇಲೆಕೆಳಗಾಗಿ ಪಕ್ಕದಲ್ಲಿದ್ದ ಹಿರಿಯರ ಟೋಪಿಯನ್ನು ನೀರಿಗೆ ತಳ್ಳಿತು. ಅವನು ದೋಣಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸ್ವಲ್ಪ ಹೊತ್ತಿಗೆ ನಗು ಕಾಣಿಸದಾಯಿತು, ಮುಖ ಮಾತ್ರ ಕಂಡಿತು. ಆಮೇಲೆ ಬರೀ ಅಂಗಿಯ ಬಣ್ಣ. ಆಮೇಲೆ ಬರೀ ದೋಣಿ. ದೋಣಿಯೂ ಮರೆಯಾದ ಮೇಲೆ ಟೋಪಿಯವರಲ್ಲಿ ಕ್ಷಮೆ ಕೇಳಿ ಹಿಂದಿರುಗಿದೆ.

ಮದುವೆಯಾಗಿ ಇನ್ನೂ ಒಂದು ವಾರವೂ ತುಂಬಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ ಮೇಲೆ ನಾಲ್ಕು ಜನಕ್ಕೆ ಊಟ ಹಾಕಿಸುವಷ್ಟೂ ರಜೆ ಅವನಿಗೆ ಸಿಗಲಿಲ್ಲ. ನಡುಗಡ್ಡೆಯ ಹವಾಮಾನ ಕೇಂದ್ರದಲ್ಲಿ ಗಾಳಿ, ಮಳೆ, ಅಲೆಗಳ ಎತ್ತರ ಅಳೆದು ವರದಿ ಕಳಿಸುವುದು ಅವನ ಕೆಲಸ. ಸೆಪ್ಟೆಂಬರ್ ಕೊನೆಗೆ ಬದಲಿ ಆಳು ಹೋಗುತ್ತಾನೆ, ಇವನು ಅದೇ ದೋಣಿಯಲ್ಲಿ ಮರಳುತ್ತಾನೆ, ಇಪ್ಪತ್ತೆಂಟರ ಶನಿವಾರ ಮದುವೆಯ ಔತಣ. ಅಲ್ಲಿಯವರೆಗೆ ನಾನು ಅವನ ಅಪ್ಪ ಅಮ್ಮನ ಮನೆಯಲ್ಲಿ. ಕೆಳಗೆ ಅತ್ತೆಯವರ ಡ್ರೈಕ್ಲೀನಿಂಗ್ ಅಂಗಡಿ, ಮೇಲೆ ಅವರ ಮನೆ. ಮಾವನವರು ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದು ನಿವೃತ್ತರಾದವರು. ಊಟಕ್ಕೆ ಕರೆದರೆ ಈಗಲೂ ಮೊದಲು ಗಡಿಯಾರ ನೋಡುತ್ತಾರೆ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆದರೆ ಅವನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಹೆಡ್‌ಮಿಸ್ಟ್ರೆಸ್‌ಗೆ ರಜೆ ಅರ್ಜಿ ಬರೆದಂತಾಗುತ್ತದೆ. ಅವನ ಕಿವಿಯ ಹಿಂದಿರುವ ಮಚ್ಚೆಯನ್ನು ಆ ಭಾಷೆಯಲ್ಲಿ ಹೇಗೆ ವರ್ಣಿಸಿದರೂ ಡಾಕ್ಟರ ಚೀಟಿ. ಹಾಗಾಗಿ ಕನ್ನಡ. ತಪ್ಪಾದರೆ ಆಗಲಿ, ಇದನ್ನು ಓದುವವರು ಯಾರು?

ನಾನು ಮನೆಗೆ ಬರುವಷ್ಟರಲ್ಲಿ ಅತ್ತೆಯವರು ಅವನ ಅಂಗಿ, ಟವೆಲು, ಹೊದಿಕೆ, ದಿಂಬಿನ ಚೀಲ, ಎಲ್ಲವನ್ನೂ ಮೆಷಿನ್ನಿಗೆ ಹಾಕಿಬಿಟ್ಟಿದ್ದರು. ಊರಿಗೆ ಹೋದವರ ಬಟ್ಟೆಯನ್ನು ಕೊಳೆಯಾಗಿ ಇಡಬಾರದಮ್ಮ ಎಂದು ನನಗೇ ಬುದ್ಧಿ ಹೇಳಿದರು. ಇಡೀ ಕೋಣೆಯಲ್ಲಿ ಅವನ ವಾಸನೆಯ ಸುಳಿವಿಲ್ಲ. ಎಲ್ಲೆಲ್ಲೂ ಸೋಪು. ಹುಡುಕಿ ಹುಡುಕಿ ಕೊನೆಗೆ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಬನಿಯನ್ ಸಿಕ್ಕಿತು. ನಿನ್ನೆ ರಾತ್ರಿ ತೊಟ್ಟಿದ್ದದ್ದು. ಬಂಗಾರ ಸಿಕ್ಕಿದ್ದರೂ ಅಷ್ಟು ಬೇಗ ಬಚ್ಚಿಡುತ್ತಿರಲಿಲ್ಲ.

ಆಗಸ್ಟ್ 4, ಭಾನುವಾರ

ಫೋನ್ ಬಂತು! ಕೇಂದ್ರದಲ್ಲಿರುವುದು ಒಂದೇ ರೇಡಿಯೋ ಫೋನು. ಭಾನುವಾರ ಒಬ್ಬೊಬ್ಬರಿಗೆ ಐದೈದು ನಿಮಿಷ. ನಾವು ಆಡುವುದೆಲ್ಲ ಅಲ್ಲಿ ಸ್ಪೀಕರಿನಲ್ಲಿ ಕೇಳಿಸುತ್ತದಂತೆ. ಕೋಣೆಯಲ್ಲಿ ಮೇಲಧಿಕಾರಿ, ಆಪರೇಟರ್, ಅಡುಗೆಯವನು ಎಲ್ಲರೂ ಇರುತ್ತಾರಂತೆ. ಅದನ್ನು ಅವನು ಮೊದಲೇ ಹೇಳಬೇಕಿತ್ತು. ಹೇಳುವ ಮುಂಚೆ ನಾನು ಏನಂದೆ ಎನ್ನುವುದನ್ನು ಇಲ್ಲಿಯೂ ಬರೆಯಲಾರೆ. ಆ ಕಡೆ ಯಾರೋ ಕೆಮ್ಮಿದರು. ಅವನಲ್ಲ.

ಉಳಿದ ಹೊತ್ತೆಲ್ಲ ಗಾಳಿಯ ಬಗ್ಗೆ ಮಾತಾಡಿದೆವು.

ಆಗಸ್ಟ್ 10, ಶನಿವಾರ

ಇಂದು ನನ್ನ ಜೀವನದ ಮೊದಲ ಸಿಗಾರ್ ಅಂಗಡಿ.

ಮಾವನವರ ಅಣ್ಣ, ಅಂದರೆ ಇವನ ದೊಡ್ಡಪ್ಪ, ನನಗೆ ದೊಡ್ಡಮಾವ, ದೂರದಿಂದ ಫೋನ್ ಮಾಡಿ ಔತಣದಲ್ಲಿ ಊಟ ಎಂಥದ್ದೇ ಇರಲಿ, ಊಟ ಆದ ಮೇಲೆ ಒಂದು ಒಳ್ಳೆಯ ಸಿಗಾರ್ ಬೇಕೆಂದು ಕೇಳಿದ್ದಾರೆ. ತಮ್ಮನ ಮದುವೆಯಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಸಿಗಾರನ್ನು ಹಂಚಿಕೊಂಡು ಸೇದಿದ್ದರಂತೆ. ಈಗ ತಮ್ಮನ ಮಗನ ಮದುವೆ. ಅಕ್ಟೋಬರ್ ಮೊದಲ ವಾರ ಅವರು ಮಗಳ ಮನೆಗೆ ಹೋಗಿ ಅಲ್ಲೇ ನೆಲೆಸುತ್ತಾರೆ. ಅದು ಇನ್ನೂ ದೂರ, ಮತ್ತೆ ಈ ಕಡೆ ಬರುವುದು ಅವರ ಮೊಣಕಾಲಿಂದ ಆಗದ ಮಾತು. ಮಗಳು ಮನೆಯಲ್ಲಿ ಬೆಂಕಿಪೊಟ್ಟಣವನ್ನೂ ಬಿಟ್ಟುಕೊಳ್ಳುವವಳಲ್ಲವಂತೆ. ಮದುಮಗ ಊರಲ್ಲಿಲ್ಲದ್ದರಿಂದ ಆರಿಸುವ ಕೆಲಸ ಮದುಮಗಳಿಗೆ.

ಅತ್ತೆಯವರು ಒಂದೇ ಮಾತಲ್ಲಿ ಮುಗಿಸಿದರು. "ಚುಟ್ಟಕ್ಕೆ ಕೋಟು ಹಾಕಿದ್ರೆ ಸಿಗಾರ್. ಅದಕ್ಕೆ ಆರಿಸೋದು ಬೇರೆ."

ಹಗಲೆಲ್ಲ ಹಲ್ಲಿನ ಕ್ಲಿನಿಕ್ಕಿನಲ್ಲಿ ಜನರ ಬಾಯೊಳಗಿನ ತಂಬಾಕಿನ ಕರೆ ಕೆರೆಯುವವಳು ನಾನು. ಡಾಕ್ಟರಮ್ಮನಿಗೆ ವಿಷಯ ಹೇಳಿದಾಗ ಗಿರಾಕಿ ತಯಾರು ಮಾಡುತ್ತಿದ್ದೀಯಾ ಎಂದು ಕೇಳಿದರು. ಸಂಜೆ ಮಾವನವರ ಜೊತೆ ಹೋದೆ. ಅಂಗಡಿಯ ಒಳಕೋಣೆ ಪೂರ್ತಿ ಮರದ ಕಪಾಟು, ಒಣ ಎಲೆ, ತೊಗಲು, ಕೋಕೋ ಸೇರಿದಂಥ ವಾಸನೆ. ಯಾವುದು ದುಬಾರಿ, ಯಾವುದು ಒಳ್ಳೆಯದು ಎಂದು ನಾವು ಕೇಳುತ್ತಿದ್ದರೆ ಅಂಗಡಿಯವರು ನಮ್ಮನ್ನೇ ಕೇಳಿದರು: ಊಟ ಆದ ಮೇಲೆ ಜನ ಎಷ್ಟು ಹೊತ್ತು ಕೂರುತ್ತಾರೆ? ಉದ್ದದ ಸಿಗಾರ್ ಮುಗಿಯಲು ಒಂದೂವರೆ ಗಂಟೆ ಬೇಕು. ಕೂರದ ಜನಕ್ಕೆ ಅದನ್ನು ಕೊಟ್ಟರೆ ಅರ್ಧಕ್ಕೆ ಬಿಸಾಡಿ ಹೋಗುತ್ತಾರಂತೆ. ಮಾವನವರು ತಮ್ಮ ಸರ್ವಿಸ್ಸಿನಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ ಎಂಬಂತೆ ಖುಷಿಪಟ್ಟು, ಮುಕ್ಕಾಲು ಗಂಟೆ ಎಂದು ತೀರ್ಪು ಕೊಟ್ಟರು.

ಹೆಚ್ಚಿನವರು ಸೇದಿ ಅಭ್ಯಾಸವಿಲ್ಲದವರಾದ್ದರಿಂದ ತಿಳಿಕಂದು ಎಲೆ ಸುತ್ತಿದ, ಸೌಮ್ಯವಾದದ್ದನ್ನು ಆರಿಸಿದೆ. ಎರಡು ಬೆರಳ ನಡುವೆ ಮೆತ್ತಗೆ ಒತ್ತಿ ನೋಡಬೇಕು. ಗಟ್ಟಿಯಾದರೆ ಹೊಗೆ ಬಾರದು, ಮೆತ್ತಗಾದರೆ ಬೇಗ ಉರಿದುಹೋಗುತ್ತದೆ. ಒತ್ತಿದ್ದು ಹಿಂದಕ್ಕೆ ಬರಬೇಕು. ಅವನ ಕೈಯ ಹೆಬ್ಬೆರಳ ಬುಡ ಹೀಗೆಯೇ ಇದೆ. ಒತ್ತಿದರೆ ಒತ್ತಿಸಿಕೊಂಡು, ಬಿಟ್ಟರೆ ಹಿಂದಕ್ಕೆ ಬರುತ್ತದೆ. ನಾನು ಅಂಗಡಿಯಲ್ಲಿ ನಿಂತು ಒಂದೊಂದನ್ನೂ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿದೆ ಅನ್ನಿಸುತ್ತದೆ. ಅಂಗಡಿಯವರು ಬೇರೆ ಕಡೆ ನೋಡಿದರು.

ಆಗಸ್ಟ್ 12, ಸೋಮವಾರ

ಕೆಡಬಾರದೆಂದು ಮಾವನವರು ಸಿಗಾರ್‌ಗಳನ್ನು ಫ್ರಿಜ್ಜಿನಲ್ಲಿಟ್ಟಿದ್ದರು. ಬೆಳಗಿನ ಕಾಫಿ ಬಸ್ ನಿಲ್ದಾಣದ ಹಿಂಗೋಡೆಯಂತೆ ನಾರುತ್ತಿತ್ತು. ಅತ್ತೆಯವರು ಹಾಲನ್ನು ಸಿಂಕಿಗೆ ಸುರಿದು, ಆ ಚುಟ್ಟಗಳನ್ನೂ ಅಲ್ಲಿಗೇ ಕಳಿಸುತ್ತೇನೆಂದರು. ಅಂಗಡಿಯವರಿಗೆ ಫೋನ್ ಮಾಡಿದಾಗ ಅವರು ನೊಂದ ದನಿಯಲ್ಲಿ, ಫ್ರಿಜ್ಜು ಅದರ ಜೀವ ಹೀರಿಬಿಡುತ್ತದೆ, ಅದಕ್ಕೆ ತೇವ ಬೇಕು, ಹದವಾದ ತೇವ ಎಂದರು. ಸಂಜೆಗೆ ಪೆಟ್ಟಿಗೆ ಬಂತು. ಪರಿಮಳದ ಮರ, ಗಾಳಿಯಾಡದ ಮುಚ್ಚಳ, ಒಳಗೆ ಶುದ್ಧನೀರು ಕುಡಿದ ಸ್ಪಂಜು, ತೇವ ತೋರಿಸುವ ಪುಟ್ಟ ಮುಳ್ಳು. ಮುಳ್ಳು ಎಪ್ಪತ್ತರ ಆಸುಪಾಸಿನಲ್ಲಿರಬೇಕು. ವಾರಕ್ಕೊಮ್ಮೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಬೇಕು.

ಈ ಪೆಟ್ಟಿಗೆಯಲ್ಲಿ ವಾಸನೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದ್ದೇ ತಡ, ನನ್ನ ತಲೆಯಲ್ಲಿ ದೀಪ ಹೊತ್ತಿತು. ಇದರ ಜವಾಬ್ದಾರಿ ಪೂರ್ತಿ ನನ್ನದು, ಬೇರೆ ಯಾರೂ ಮುಚ್ಚಳ ತೆಗೆಯಬಾರದು ಎಂದೆ. ಸೊಸೆಗೆ ಎಷ್ಟು ಶ್ರದ್ಧೆ ಎಂದು ಮಾವನವರು ಹೆಮ್ಮೆಪಟ್ಟರು.

ಪೆಟ್ಟಿಗೆಯ ಕೆಳಗಿನ ಅರೆ ಖಾಲಿ ಇತ್ತು. ಈಗ ಖಾಲಿ ಇಲ್ಲ. ಅತ್ತೆಯವರು ಜನ್ಮದಲ್ಲಿ ಇಣುಕದ ಜಾಗ ಈ ಮನೆಯಲ್ಲಿ ಇದೊಂದೇ.

ಆಗಸ್ಟ್ 18, ಭಾನುವಾರ

ಕೊನೆಗೂ ನಮಗೊಂದು ಭಾಷೆ ಸಿಕ್ಕಿತು. ಪೆಟ್ಟಿಗೆಯೊಳಗೆ ತೇವ ಎಷ್ಟು ಎಂದು ಅವನು ಕೇಳಿದ. ಅರವತ್ತೊಂಬತ್ತು ಎಂದೆ. ಇಲ್ಲಿ ತೊಂಬತ್ತೊಂದು ಎಂದ. ಆಮೇಲೆ ತುಂಬ ಮೆಲ್ಲಗೆ, ಹಾಗಾದರೆ ನಿನ್ನ ಪೆಟ್ಟಿಗೆಯಲ್ಲೇ ಇರುವುದು ವಾಸಿ ಎಂದ. ಈ ಮಾತನ್ನು ಮೇಲಧಿಕಾರಿ ಕೇಳಿಸಿಕೊಂಡರೆ ಬರೀ ವೃತ್ತಿಯ ವಿಷಯ. ನನಗೆ ಮಾತ್ರ ಕಿವಿಯವರೆಗೂ ಬಿಸಿಯಾಯಿತು. ಅವನು ನಿಜಕ್ಕೂ ನನ್ನ ಪೆಟ್ಟಿಗೆಯಲ್ಲೇ ಇದ್ದಾನೆಂದು ಹೇಳುವುದು ಹೇಗೆ?

ದಿನಕ್ಕೆರಡು ಸಲ ಮುಚ್ಚಳ ತೆಗೆದು ಮೂಗಿಡುತ್ತೇನೆ. ಶೇವಿಂಗ್ ಕ್ರೀಮು, ಬೆವರು, ಸ್ವಲ್ಪ ಪೆನ್ಸಿಲ್. ಅವನಿಗೆ ಪೆನ್ಸಿಲ್ಲಿನ ವಾಸನೆ ಏಕೋ. ಕೇಳಬೇಕು. ಬಂದಾಗ ಕೇಳುವ ಪ್ರಶ್ನೆಗಳೇ ಒಂದು ಪುಸ್ತಕವಾಗುತ್ತವೆ. ಅವನು ಹಾಸಿಗೆಯ ಯಾವ ಬದಿ ಮಲಗುತ್ತಾನೆ ಎನ್ನುವುದೂ ಇನ್ನೂ ತೀರ್ಮಾನವಾಗಿಲ್ಲ, ದಿನಕ್ಕೊಂದು ಬದಿ ಪ್ರಯತ್ನಿಸುತ್ತಿದ್ದೆವು. ಈಗ ನಾನು ಮಧ್ಯದಲ್ಲಿ ಮಲಗಿ ಎರಡೂ ಕಡೆ ಕೈ ಚಾಚಿ ನೋಡುತ್ತೇನೆ.

ಆಗಸ್ಟ್ 21

ಏನೂ ಇಲ್ಲ. ಅವನಿಲ್ಲ, ಅಷ್ಟೆ.

ಆಗಸ್ಟ್ 29, ಗುರುವಾರ

ಸಿಕ್ಕಿಬಿದ್ದೆ.

ಎರಡು ದಿನದಿಂದ ಮುಳ್ಳು ಎಂಬತ್ತು ದಾಟಿ ನಿಂತಿತ್ತು. ಕ್ಲಿನಿಕ್ಕಿನಿಂದ ಬಂದು ಮುಚ್ಚಳ ತೆಗೆದರೆ ಮೂರು ಸಿಗಾರ್‌ಗಳ ಮೇಲೆ ಬಿಳಿ ಬೂಷ್ಟು. ಕಂಗಾಲಾಗಿ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಹತ್ತಿಯಿಂದ ಒರೆಸುತ್ತ ಕೂತಿದ್ದೆ. ಬಾಗಿಲು ಹಾಕುವುದನ್ನು ಮರೆತಿದ್ದೆ. ಅತ್ತೆಯವರು ಇಸ್ತ್ರಿಯಾದ ಹೊದಿಕೆಗಳನ್ನು ಹೊತ್ತು ಒಳಗೆ ಬಂದರು.

ಮೂವತ್ತು ವರ್ಷ ಜನರ ಬಟ್ಟೆ ಮೂಸಿ ಯಾವುದಕ್ಕೆ ಯಾವ ದ್ರಾವಣ ಎಂದು ಹೇಳಿದ ಮೂಗು. ಬಾಗಿಲಲ್ಲೇ ನಿಂತರು. ಸಿಗಾರ್‌ಗಳ ಕಡೆ ನೋಡಲೇ ಇಲ್ಲ. ನೇರ ಬಂದು ಪೆಟ್ಟಿಗೆಯ ಕೆಳ ಅರೆಗೆ ಕೈ ಹಾಕಿ ಬನಿಯನ್ ಎತ್ತಿದರು. ರಾತ್ರಿ ಅದರಲ್ಲಿ ಮುಖವಿಟ್ಟು ಅತ್ತಿದ್ದೆ, ಒಂದೊಂದು ಕಡೆ ಇನ್ನೂ ಪಸೆ ಇತ್ತು.

"ಇದು ಜನ ಬಾಯಿಗಿಡೋ ವಸ್ತು ಕಣೇ," ಅಂದರು.

ನಾನು ಅಳಲು ಶುರುಮಾಡಿದೆ. ನೀವು ಎಲ್ಲಾ ಒಗೆದುಬಿಟ್ಟಿರಿ, ಒಂದಾದರೂ ಬಿಡಬಾರದಿತ್ತಾ, ನನಗೆ ಅವನ ಮುಖ ಫೋಟೋದಲ್ಲಿದ್ದ ಹಾಗಷ್ಟೇ ನೆನಪಾಗುತ್ತಿದೆ ಎಂದೆಲ್ಲ ಬಡಬಡಿಸಿದೆ. ಮದುವೆಯಾದ ಹೊಸತರಲ್ಲಿ ಅತ್ತೆಯೆದುರು ಮೂಗು ಸುರಿಸಿಕೊಂಡು ಅಳುವುದು ಎಂಥ ಅವಮಾನ. ಅವರು ಬಯ್ಯಲಿಲ್ಲ. ಬನಿಯನ್ನನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ಯಾರಿಗೂ ಕಾಣಿಸದ ಹಾಗೆ ಎಂದುಕೊಂಡು, ಮೂಗಿಗೆ ಹಿಡಿದರು. ತುಂಬ ಹೊತ್ತು.

"ಒಗೆದ ದಿನ ಸಾಯಂಕಾಲ ನಾನೂ ಹುಡುಕಿದೆ," ಅಂದರು. "ನೀನು ನನಗಿಂತ ಮೊದಲು ಎತ್ತಿಟ್ಟಿದ್ದೀಯ."

ಬನಿಯನ್ ತೆಗೆದುಕೊಂಡು ಕೆಳಗೆ ಹೋದರು.

ಆಗಸ್ಟ್ 30, ಶುಕ್ರವಾರ

ಅಂಗಡಿಯಲ್ಲಿ ತಯಾರಾದ ಬಟ್ಟೆಗಳನ್ನು ನೇತುಹಾಕುವ ಉದ್ದದ ಕಂಬಿ ಇದೆ. ಕೋಟುಗಳು, ರೇಷ್ಮೆ ಗೌನುಗಳು, ಎಲ್ಲವೂ ಪಾರದರ್ಶಕ ಕವರಿನಲ್ಲಿ, ಎಲ್ಲಕ್ಕೂ ಟೋಕನ್ನು. ಇವತ್ತು ಅವುಗಳ ಕೊನೆಯಲ್ಲಿ, ಹ್ಯಾಂಗರಿಗೆ ಹಾಕಿ ಒಳ್ಳೆ ಕವರು ತೊಡಿಸಿದ ಒಂದು ಬನಿಯನ್ ತೂಗುತ್ತಿದೆ. ಚೀಟಿಯಲ್ಲಿ ಅತ್ತೆಯವರ ಅಕ್ಷರ: ಒಗೆಯಕೂಡದು.

ಯಾರ ಬಟ್ಟೆ ಎಂದು ಇಸ್ತ್ರಿಯವನು ಕೇಳಿದ್ದಕ್ಕೆ, ದೊಡ್ಡ ಗಿರಾಕಿ, ತಲೆಹರಟೆ ಬೇಡ ಅಂದರಂತೆ.

ಬೂಷ್ಟು ಹಿಡಿದ ಮೂರನ್ನು ಎಸೆದೆವು. ಉಳಿದವು ಚೇತರಿಸಿಕೊಳ್ಳುತ್ತವೆ ಎಂದು ಅಂಗಡಿಯವರು ಧೈರ್ಯ ಹೇಳಿದ್ದಾರೆ. ಮುಳ್ಳು ಎಪ್ಪತ್ತೆರಡು. ಮಾವನವರಿಗೆ ಏನೂ ಹೇಳಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಫೋನಿನಲ್ಲಿ ಅವನ ದನಿ ಒಡೆದು ಒಡೆದು ಬಂತು. ಗಾಳಿ ಎದ್ದಿದೆಯಂತೆ. ಪೆಟ್ಟಿಗೆಯಲ್ಲಿ ಎಪ್ಪತ್ತು ಎಂದೆ. ಭೇಷ್ ಎಂದ. ನೀನು ಬಂದಾಗ ನಾನು ಹಸಿರು ಉಡುಪಿನಲ್ಲಿರಲಾ ನೀಲಿಯಲ್ಲಿರಲಾ ಎಂದು ಕೇಳುವಷ್ಟರಲ್ಲಿ ಸಮಯ ಮುಗಿಯಿತು. ಕೆಳಗೆ ಕಂಬಿಯ ಹತ್ತಿರ ಹೋದೆ. ಅತ್ತೆ ಮೊದಲೇ ಅಲ್ಲಿದ್ದರು. ಕವರಿನ ಅಂಚು ಎತ್ತಿದ್ದವರು ನನ್ನನ್ನು ಕಂಡು ಧೂಳು ಕೊಡವಿದಂತೆ ಮಾಡಿದರು. ನಾನೂ ಟೋಕನ್ ಎಣಿಸಲು ಬಂದವಳಂತೆ ನಿಂತೆ.

ಸೆಪ್ಟೆಂಬರ್ 14, ಶನಿವಾರ

ರುಚಿ ನೋಡದೆ ಬಡಿಸುವುದುಂಟೇ? ಸಂಜೆ ತಾರಸಿಯ ಮೇಲೆ ಒಂದನ್ನು ಹೊತ್ತಿಸಿದೆವು. ಬಾಯಿಗಿಡುವ ತುದಿ ಕತ್ತರಿಸಬೇಕು, ಇನ್ನೊಂದು ತುದಿಯನ್ನು ಬೆಂಕಿಗೆ ತಾಗಿಸದೆ ಮೇಲೆ ಹಿಡಿದು ತಿರುಗಿಸುತ್ತ ಕಾಯಿಸಬೇಕು. ಮಾವ ಪುಸ್ತಕ ಓದಿಕೊಂಡು ಬಂದವರಂತೆ ವಿವರಿಸಿ, ಮೊದಲ ಎಳೆತಕ್ಕೇ ಹೊಗೆ ನುಂಗಿ ನೀರಿನ ಟ್ಯಾಂಕಿಗೆ ಒರಗಿಕೊಂಡರು. ನನಗೆ ಕಣ್ಣಲ್ಲಿ ನೀರು. ಅತ್ತೆ ಇಬ್ಬರನ್ನೂ ನೋಡಿ, ಕೊಡಿ ಇಲ್ಲಿ ಎಂದು ತೆಗೆದುಕೊಂಡು, ಬಾಯಲ್ಲಿ ಹೊಗೆ ತುಂಬಿಕೊಂಡು, ಸ್ವಲ್ಪ ಇಟ್ಟುಕೊಂಡು, ನಿಧಾನವಾಗಿ ಬಿಟ್ಟರು.

"ಚುಟ್ಟವೇ," ಅಂದರು. "ಆದ್ರೆ ಓದಿರೋ ಚುಟ್ಟ."

ಆಮೇಲೆ ವಾಪಸ್ ಕೊಡಲಿಲ್ಲ. ಮೂರು ಸಲ ಕೇಳಬೇಕಾಯಿತು. ಒಮ್ಮೆ ಉಪಾಯ ತಿಳಿದರೆ ಎಷ್ಟು ಚಂದ. ಮೊದಲು ಹುರಿದ ಕಾಳಿನ ರುಚಿ, ನಡುವೆ ಒಂದು ಬಗೆಯ ಸಿಹಿ, ಬೂದಿ ಬೆರಳುದ್ದ ಬೆಳೆದರೂ ಉದುರುವುದಿಲ್ಲ. ಯಾರ ಸರದಿಯಲ್ಲಿ ಉದುರುತ್ತದೆಂದು ಪಂದ್ಯ ಕಟ್ಟಿದೆವು. ಮಾವ ಸೋತರು, ಪಾತ್ರೆ ತೊಳೆದರು. ಮಲಗಲು ಹೋಗುವಾಗ ನೆನಪಾಯಿತು, ಇವತ್ತು ಕಂಬಿಯ ಕಡೆ ಹೋಗಲೇ ಇಲ್ಲ. ನಾಳೆ ಎರಡು ಸಲ ಹೋಗಬೇಕು.

ಸೆಪ್ಟೆಂಬರ್ 22, ಭಾನುವಾರ

ದೋಣಿ ನಾಳಿದ್ದು ಹೊರಡಬೇಕು. ಅಂದರೆ ನಾಳೆ ಬೆಳಿಗ್ಗೆ ಕೇಂದ್ರದಿಂದ ಬರುವ ಸಮುದ್ರದ ವರದಿ ನೋಡಿ ಹೊರಡಿಸುತ್ತಾರೆ. ವರದಿ ಬರೆಯುವವನು ಇವನು.

ಅಲೆ ಎತ್ತರ ಇದೆ, ಇಳಿಯುವ ಲಕ್ಷಣ ಕಾಣುತ್ತಿಲ್ಲ ಎಂದ. ಎಷ್ಟು ಎತ್ತರ ಎಂದೆ. ಹೇಳಿದ. ದೋಣಿ ಬಿಡುವ ಮಿತಿ ಎಷ್ಟು ಎಂದೆ. ಅದನ್ನೂ ಹೇಳಿದ. ನಡುವಿನ ಅಂತರ ನನ್ನ ಮೊಣಕಾಲಿನಷ್ಟೂ ಇಲ್ಲ. ಮೊಣಕಾಲಿನಷ್ಟು ನೀರಿಗಾಗಿ ನನ್ನ ಮದುವೆಯ ಔತಣ ನಿಲ್ಲಬೇಕೇ? ಸ್ಪೀಕರು, ಮೇಲಧಿಕಾರಿ, ಅಡುಗೆಯವನು, ಯಾರೂ ನೆನಪಿಗೆ ಬರಲಿಲ್ಲ.

"ಸ್ವಲ್ಪ ಕಡಿಮೆ ಬರಿ," ಅಂದೆ. "ಒಂದು ಸಲ. ನನಗೋಸ್ಕರ."

ಆ ಕಡೆ ಯಾರೂ ಕೆಮ್ಮಲಿಲ್ಲ.

"ದೋಣಿ ನಡೆಸೋರಿಗೂ ಮನೇಲಿ ಕಾಯೋರು ಇರ್ತಾರೆ ಕಣೇ," ಅಂದ.

ನಾನು ಫೋನ್ ಇಟ್ಟುಬಿಟ್ಟೆ. ಸಮಯ ಇನ್ನೂ ಉಳಿದಿತ್ತು.

ಸೆಪ್ಟೆಂಬರ್ 23, ಸೋಮವಾರ

ವರದಿ ಬಂತು. ದೋಣಿ ರದ್ದು. ಬಾಗಿಲು ಹಾಕಿಕೊಂಡಿದ್ದೇನೆ. ಸತ್ಯಸಂಧನನ್ನು ಕಟ್ಟಿಕೊಂಡರೆ ಇದೇ ಗತಿ.

ಸೆಪ್ಟೆಂಬರ್ 24, ಮಂಗಳವಾರ

ಬೆಳಿಗ್ಗೆ ಅತ್ತೆ ಬಾಗಿಲು ತಟ್ಟಿ ಒಳಗೆ ಬಂದು ಕಾಫಿ ಇಟ್ಟರು. ಅವನಿಗೆ ಸುಳ್ಳು ಬರೆಯಲು ಹೇಳಿದ್ದನ್ನು ಅವರೆದುರು ಒಪ್ಪಿಕೊಂಡೆ. ಇದಕ್ಕಾದರೂ ಬಯ್ಯುತ್ತಾರೆಂದುಕೊಂಡಿದ್ದೆ.

"ನಿನ್ನ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ," ಅಂದರು. "ಅವನು ಬರೆದಿದ್ರೆ ಮಾತ್ರ ಈ ಮನೇಲಿ ಅವನಿಗೆ ತಟ್ಟೆ ಹಾಕ್ತಿರಲಿಲ್ಲ. ಕಾಫಿ ಕುಡಿ, ಆರತ್ತೆ."

ಕುಡಿದೆ. ಬಿಸಿ ಕಾಫಿ ಕುಡಿಯುತ್ತ ಸಿಟ್ಟು ಮಾಡಿಕೊಂಡಿರುವುದು ಕಷ್ಟ. ಅವನು ಆ ಅಂಕಿ ಬರೆಯುವಾಗ ಎಷ್ಟು ಹೊತ್ತು ಪೆನ್ಸಿಲ್ ಹಿಡಿದು ಕೂತಿದ್ದನೋ ಎಂಬ ಯೋಚನೆ ಬಂತು. ಅದು ನಿನ್ನೆಯೇ ಬರಬೇಕಿತ್ತು.

ಊಟದ ಮೇಜಿನಲ್ಲಿ ಮಾವ ಔತಣ ಮುಂದೂಡುವ ಮಾತೆತ್ತಿದರು. ಬಸ್ಸೇ ಬಂದಿಲ್ಲ, ಜನರನ್ನು ಹತ್ತಿಸುವುದು ಯಾವುದಕ್ಕೆ ಎಂದರು. ಆದರೆ ಮುಂದೂಡಿದರೆ ದೊಡ್ಡಮಾವ ಇಲ್ಲ. ಮಾವ ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸುತ್ತಿದ್ದರು. ಅಣ್ಣನೊಂದಿಗೆ ಸೇದುವ ಕೊನೆಯ ಸಿಗಾರ್ ಅವರಿಗೆ ಎಂಥದ್ದೆಂದು ನನಗೆ ಆ ಡಬ್ಬಿ ನೋಡಿದಾಗ ಗೊತ್ತಾಯಿತು.

"ಮಾಡೋಣ ಮಾವ," ಅಂದೆ. "ಅವನಿಲ್ಲದಿದ್ರೂ ಮಾಡೋಣ. ಎರಡು ಬಸ್ಸಲ್ಲಿ ಒಂದಂತೂ ಬಂದು ನಿಂತಿದೆಯಲ್ಲ."

ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದರು. ಅವನಿಗೆ ತಿಳಿಸಲು ಭಾನುವಾರದವರೆಗೆ ದಾರಿಯಿಲ್ಲ. ಹೇಗೂ ಒಪ್ಪುತ್ತಾನೆ.

ಸೆಪ್ಟೆಂಬರ್ 29, ಭಾನುವಾರ

ಎಲ್ಲಿಂದ ಶುರುಮಾಡಲಿ! ಗಂಟಲು ಕೂತಿದೆ, ಕೂದಲೆಲ್ಲ ಹೊಗೆ, ಕಾಲು ಊದಿದೆ, ನಾನು ಇಷ್ಟು ನಕ್ಕು ಯಾವ ಕಾಲವಾಯಿತೋ.

ನಿನ್ನೆ ಅಂಗಡಿಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಗಳನ್ನೆಲ್ಲ ಬಿಚ್ಚಿ, ದೀಪ ಕಟ್ಟಿ, ಮೇಜು ಹಾಕಿದ್ದೆವು. ಗಿರಾಕಿಗಳು ಕಾಯಲೆಂದು ಅಂಗಡಿಯಲ್ಲಿರುವ ಬೆಂಚಿಗೆ ಅತ್ತೆ ಬಿಳಿ ಬಟ್ಟೆ ಹೊದಿಸಿ, ಅದು ವಧೂವರರ ಆಸನವೆಂದು ಸಾರಿದರು. ನಾನು ಒಂದು ತುದಿಯಲ್ಲಿ ಕೂತೆ. ಇನ್ನೊಂದು ತುದಿ ಅವನಿಗೆ. ಅದನ್ನು ಖಾಲಿಯೇ ಬಿಡಬೇಕೆಂದು ನಿಶ್ಚಯಿಸಿದ್ದೆ. ಆದರೆ ಬಂದವರೆಲ್ಲ ಕೈ ಕುಲುಕುವುದು, ತಬ್ಬುವುದು, ಉಡುಗೊರೆ ಇಡುವುದು. ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತು, ನನ್ನಮ್ಮ ಬಂದು ಈ ಕಡೆ ಕೂತು, ಅವರೆಲ್ಲ ಎದ್ದು ಹೋದ ಮೇಲೆ ನಾನು ಎಲ್ಲೋ ನಡುವಿನಲ್ಲಿದ್ದೆ.

ಊಟವಾದ ಮೇಲೆ ಪೆಟ್ಟಿಗೆ ತಂದೆ. ಮುಚ್ಚಳ ತೆರೆದಾಗ ಹತ್ತಿರವಿದ್ದವರೆಲ್ಲ ಬಗ್ಗಿ ನೋಡಿದರು. ಒಂದೂ ಒಣಗಿರಲಿಲ್ಲ, ಒಂದರ ಮೇಲೂ ಬೂಷ್ಟಿರಲಿಲ್ಲ. ದೊಡ್ಡಮಾವ ಒಂದನ್ನು ತೆಗೆದು ಕಿವಿಯ ಹತ್ತಿರ ಒತ್ತಿ, ಕಣ್ಣು ಮುಚ್ಚಿ, ತಮ್ಮನ ಕಡೆ ನೋಡಿ ತಲೆಯಾಡಿಸಿದರು. ಅತ್ತೆ ತಮ್ಮ ಗುಂಡಿ ಕತ್ತರಿಸುವ ಕತ್ತರಿಯಿಂದ ತುದಿ ಕತ್ತರಿಸಿ ಕೊಡುತ್ತ ಹೋದರು. ಅಣ್ಣ ತಮ್ಮ ಇಬ್ಬರ ಕೈಯಲ್ಲೂ ಒಂದೊಂದು ಇತ್ತು. ಆದರೂ ಅರ್ಧಕ್ಕೆ ಬಂದಾಗ ದೊಡ್ಡಮಾವ ತಮ್ಮದನ್ನು ಚಾಚಿದರು, ಮಾವ ತಮ್ಮದನ್ನು ಬದಿಗಿಟ್ಟು ಅದನ್ನು ತೆಗೆದುಕೊಂಡರು. ಮಾವ ಗಡಿಯಾರ ನೋಡಲಿಲ್ಲ.

ನಾನು ಸೇದುವುದನ್ನು ನೋಡಿ ದೊಡ್ಡಮಾವ ಹೇಳಿದರು: "ಅವಸರ ಮಾಡ್ಬೇಡ ಮಗಳೇ. ಹೊಗೇನ ಮನೆಗೆ ಬಂದ ನೆಂಟರ ಥರ ನೋಡ್ಕೋ. ಕೂರ್ಸು, ಮಾತಾಡ್ಸು, ಆಮೇಲೆ ಕಳಿಸು."

ಕೊನೆಗೆ ಸಿಗಾರನ್ನು ಒತ್ತಿ ಆರಿಸಬಾರದಂತೆ. ಬಟ್ಟಲಲ್ಲಿಟ್ಟರೆ ಅದೇ ಆರುತ್ತದೆ. ಒಂದೊಂದೇ ಆರುವವರೆಗೆ ಜನ ಕೂತಿದ್ದರು. ಮುಕ್ಕಾಲು ಗಂಟೆ ಎಂದು ಲೆಕ್ಕ ಹಾಕಿದ್ದು ಎರಡು ಗಂಟೆಯಾಯಿತು.

ಇವತ್ತು ಅವನ ಫೋನು. ನನ್ನ ದನಿ ಕೇಳಿ ಶೀತವೇ ಎಂದ. ನಾನು ಔತಣದ ಕಥೆ ಶುರುಮಾಡಿದೆ. ಕತ್ತರಿ, ಕತ್ತರಿಸಿದ ತುದಿ ಡಾಕ್ಟರಮ್ಮನ ಲೋಟಕ್ಕೆ ಬಿದ್ದದ್ದು, ಅಮ್ಮ ಸೀನಿದ್ದು, ಎಲ್ಲ ಹೇಳಿದೆ.

"ಮಾಡಿದ್ರಾ?" ಅಂದ.

ಹೂಂ, ಎಷ್ಟು ಚೆನ್ನಾಗಿತ್ತು ಗೊತ್ತಾ ಎಂದು ಮುಂದುವರಿಸಿದೆ. ಅವನು ಮಾತಾಡಲಿಲ್ಲ. ಲೈನು ಸರಿಯಿರಲಿಲ್ಲ ಅನ್ನಿಸುತ್ತದೆ.

ಅಕ್ಟೋಬರ್ 6, ಭಾನುವಾರ

ಪೆಟ್ಟಿಗೆಯಲ್ಲಿ ಎಷ್ಟು ಎಂದು ಕೇಳಿದ. ನೋಡಿಲ್ಲ ಎಂದೆ. ನೋಡಿ ಬರಲಾ ಎಂದೆ. ಬೇಡ ಎಂದ. ಸಮುದ್ರ ಇಳಿಯುತ್ತಿದೆಯಂತೆ. ಅಂಗಡಿಯಲ್ಲಿ ಕೆಲಸ ಬಹಳ, ಮೂರು ಮದುವೆಗಳ ಉಡುಪು ಒಟ್ಟಿಗೆ ಬಂದಿವೆ. ಸಂಜೆ ನಾನೂ ಕೈ ಹಾಕುತ್ತೇನೆ. ಕವರು ತೊಡಿಸುವುದರಲ್ಲಿ ನನ್ನ ಕೈ ಚುರುಕು ಎನ್ನುತ್ತಾರೆ ಅತ್ತೆ.

ಅಕ್ಟೋಬರ್ 12, ಶನಿವಾರ

ಬಂದ.

ದೋಣಿಯಿಂದ ಇಳಿದವನು ಗಡ್ಡ ಬಿಟ್ಟಿದ್ದ. ನಾನು ಹಿಂದಿದ್ದವನಿಗೆ ಕೈ ಬೀಸಿಬಿಟ್ಟೆ. ಹತ್ತಿರ ಬಂದು ನಿಂತಾಗ ಇಬ್ಬರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೈಯೆಲ್ಲ ಡೀಸೆಲ್ಲು, ಉಪ್ಪು. ಮುಂಗುರುಳಲ್ಲಿ ಒಂದು ಬಿಳಿಕೂದಲು. ಅದು ಮೊದಲೇ ಇತ್ತೋ ಏನೋ.

ನಮ್ಮ ಮನೆಯಲ್ಲಿ ಅವನು ಚಮಚದ ಡ್ರಾಯರು ಎಂದು ಔಷಧದ ಡ್ರಾಯರು ಎಳೆದ. ಆಗಸ್ಟಿನಲ್ಲೇ ನಾನೂ ಅತ್ತೆಯೂ ಅದನ್ನು ಬದಲಾಯಿಸಿದ್ದೆವು. ಅತ್ತೆ ಅವನ ತಲೆ ಸವರಿ, ಕೆನ್ನೆ ಹಿಡಿದು, ಮೊದಲು ಬಟ್ಟೆ ಬಿಚ್ಚು ಎಂದರು. ನಾನೇ ಎಲ್ಲವನ್ನೂ ಬಾಚಿಕೊಂಡು ಹೋಗಿ ಮೆಷಿನ್ನಿಗೆ ಹಾಕಿದೆ. ಊಟದಲ್ಲಿ ಮಾವ "ಓದಿರೋ ಚುಟ್ಟ" ಅಂದರು, ನಾವು ಮೂವರೂ ನಕ್ಕೆವು. ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಸ್ವಲ್ಪ ತಡವಾಗಿ ನಕ್ಕ.

ಸಂಜೆ ಅವನ ಪಾಲಿನ ಸಿಗಾರ್ ಕೊಟ್ಟೆ. ಹೊತ್ತಿಸಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸುತ್ತ ಹಿತ್ತಿಲ ಬಾಗಿಲಲ್ಲಿ ನಿಂತ. ತಂತಿಗಳ ಮೇಲೆ ಮತ್ತೆ ಯಾರದೋ ಪರದೆಗಳು ಒಣಗುತ್ತಿದ್ದವು.

"ಹೇಗಿತ್ತು, ತೋರ್ಸು," ಅಂದ.

ನಾನು ತಮಾಷೆಯೆಂದುಕೊಂಡೆ. ಅವನು ಪರದೆಗಳನ್ನು ಎತ್ತಿ ಬದಿಗೆ ಹಾಕಲು ಶುರುಮಾಡಿದ. ಆಮೇಲೆ ಮಾವ ಕುರ್ಚಿ ತಂದರು, ಅತ್ತೆ ಮೇಜಿನ ಜಾಗ ತೋರಿಸಿದರು. ಇಲ್ಲಿ ದೊಡ್ಡಪ್ಪ, ಇಲ್ಲಿ ನಿಮ್ಮಪ್ಪ, ಈ ಮೂಲೆಯಲ್ಲಿ ಕತ್ತರಿ ಹಿಡಿದು ನಾನು ಎಂದು ಒಂದೊಂದನ್ನೂ ಹೇಳಿದರು. ಅವನು ದೊಡ್ಡಪ್ಪನ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ನಿಂತ. ಬೆಂಚನ್ನು ಅವನೇ ಹೊತ್ತು ತಂದ.

"ನೀನು?"

ನಾನು ಹೋಗಿ ನಡುವೆ ಕೂತೆ. ಅಂದಿನಂತೆಯೇ ಬಟ್ಟೆಯ ಅಂಚು ಎರಡೂ ಕಡೆ ಹರಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಅತಿಥಿಗಳಿಗೆ ನಗುವಂತೆ ನಕ್ಕೆ. ಅತ್ತೆ ಮಾವ ಕೂಡ ಅವರವರ ಜಾಗದಲ್ಲಿ ಕೂತರು. ಅವನೊಬ್ಬನೇ ನಿಂತಿದ್ದ. ಬೆಂಚಿನ ಆ ತುದಿ ನೋಡಿದ, ಈ ತುದಿ ನೋಡಿದ. ಎರಡೂ ಕಡೆ ಒಬ್ಬ ಗಂಡಸು ಕೂರುವಷ್ಟು ಜಾಗ ಉಳಿದಿರಲಿಲ್ಲ. ನಗಲು ನೋಡಿದ, ಆಗಲಿಲ್ಲ. ನಾನು ಅವನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಹರಡಿದ್ದ ಅಂಚನ್ನು ಎಳೆದುಕೊಂಡೆ. ನಾನು ಕೂತು ಬೆಚ್ಚಗಾಗಿದ್ದ ಜಾಗವನ್ನು ಅವನಿಗೆ ಬಿಟ್ಟು, ತಣ್ಣಗಿದ್ದ ಕಡೆಗೆ ಸರಿದೆ.

ಕೂತ.